ಸಡಿಲಿಸುವ ಗುಳಿಗೆ, ಕುಗ್ಗಿಸುವ ಗುಳಿಗೆ: ಪ್ರೊಸ್ಟೇಟ್ ಊದಿದಾಗ ಕೊಡುವ ಔಷಧಗಳ ಕಥೆ

ನಮ್ಮ ಸೋದರಮಾವನಿಗೆ ಈಗ 68 ವರ್ಷ. ರಾತ್ರಿ ನಾಲ್ಕು ಸಲ ಎದ್ದು ಮೂತ್ರಕ್ಕೆ ಹೋಗುವುದು, ಹೋದರೂ ಸಲೀಸಾಗಿ ಬಾರದೆ ಕಾಯುತ್ತ ನಿಲ್ಲುವುದು ಶುರುವಾಗಿ ಎರಡು ವರ್ಷವಾದ ಮೇಲೆ ವೈದ್ಯರ ಬಳಿ ಹೋದರು. ಅಲ್ಲಿಂದ ಇಪ್ಪತ್ತು ದಿನ ಕಳೆದ ಮೇಲೆ ನನಗೆ ಫೋನ್ ಮಾಡಿದರು. "ದಿನವೂ ತಪ್ಪದೆ ಗುಳಿಗೆ ನುಂಗುತ್ತಿದ್ದೇನೆ, ಏಳುವುದು ಒಂದು ಸಲವೂ ಕಡಿಮೆಯಾಗಿಲ್ಲ. ನನ್ನ ಜೊತೆ ಬೆಳಗ್ಗೆ ವಾಕಿಂಗ್ ಬರುವವರಿಗೆ ನಾಲ್ಕೇ ದಿನದಲ್ಲಿ ಗುಣ ಕಂಡಿತಂತೆ. ನಿಲ್ಲಿಸಿಬಿಡಲೇ?" ಎಂದು ಕೇಳಿದರು.

ಗುಳಿಗೆಯ ಹಾಳೆಯ ಮೇಲೆ ಕಂಪನಿ ಇಟ್ಟ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವುದನ್ನು ಓದಲು ಹೇಳಿದೆ. ಅವರದು ಡುಟಾಸ್ಟರೈಡ್. ಅವರ ಸ್ನೇಹಿತರದು, ಮರುದಿನ ಕೇಳಿ ತಿಳಿದಂತೆ, ಟ್ಯಾಮ್ಸುಲೋಸಿನ್. ಎರಡನ್ನೂ ಒಂದೇ ತೊಂದರೆಗೆ ಕೊಡುತ್ತಾರೆ. ಆದರೆ ಮೊದಲನೆಯದು ತಿಂಗಳುಗಟ್ಟಲೆ ತೆಗೆದುಕೊಂಡು ಮಾಡುವ ಕೆಲಸವೇ ಬೇರೆ, ಎರಡನೆಯದು ದಿನಗಳಲ್ಲಿ ಮುಗಿಸುವ ಕೆಲಸವೇ ಬೇರೆ. ತಾವು ನುಂಗುತ್ತಿರುವುದು ಇವೆರಡರಲ್ಲಿ ಯಾವುದು ಎಂಬುದು ಗೊತ್ತಿಲ್ಲದೆ ಗುಳಿಗೆ ಬಿಟ್ಟವರು, ತಲೆಸುತ್ತಿ ಬಿದ್ದವರು, ರಕ್ತಪರೀಕ್ಷೆಯ ಅಂಕಿಯನ್ನು ತಪ್ಪಾಗಿ ಓದಿಕೊಂಡು ನಿಶ್ಚಿಂತೆಯಿಂದ ಕುಳಿತವರು ಬಹಳ ಮಂದಿ. ಅದಕ್ಕಾಗಿಯೇ ಈ ಬರಹ.

ಗ್ರಂಥಿ ಎಲ್ಲಿದೆ, ಅಡ್ಡಿ ಎಲ್ಲಾಗುತ್ತದೆ

ಮೂತ್ರ ತಯಾರಾಗುವುದು ಮೂತ್ರಪಿಂಡಗಳಲ್ಲಿ. ಅದು ಕೆಳಗಿಳಿದು ಹೊಟ್ಟೆಯ ಬುಡದಲ್ಲಿರುವ ಚೀಲದಲ್ಲಿ ತುಂಬಿಕೊಳ್ಳುತ್ತದೆ. ಈ ಚೀಲವೇ ಮೂತ್ರಕೋಶ. ಗಂಡಸರಲ್ಲಿ ಇದರ ಬಾಯಿಗೆ ತಗುಲಿಕೊಂಡಂತೆ, ಕೆಳಗಡೆ, ಒಂದು ನೆಲ್ಲಿಕಾಯಿ ಗಾತ್ರದ ಗ್ರಂಥಿಯಿದೆ. ಅದೇ ಪ್ರೊಸ್ಟೇಟ್. ವೀರ್ಯದ ದ್ರವದ ಒಂದು ಪಾಲನ್ನು ತಯಾರಿಸುವುದು ಅದರ ಕೆಲಸ. ಪ್ರಾಯದಲ್ಲಿ ಅದರ ತೂಕ ಸುಮಾರು 20 ಗ್ರಾಂ. ಮೂತ್ರ ಹೊರಗೆ ಹೋಗುವ ನಾಳ ಈ ಗ್ರಂಥಿಯ ನಡುವೆ, ಮಣಿಯೊಳಗೆ ದಾರ ಹಾದುಹೋದಂತೆ, ಹಾದುಹೋಗುತ್ತದೆ. ತೊಂದರೆಯ ಮೂಲವೆಲ್ಲ ಈ ಜೋಡಣೆಯಲ್ಲೇ ಇದೆ.

ನಲವತ್ತು ದಾಟಿದ ಮೇಲೆ ಗ್ರಂಥಿ ನಿಧಾನವಾಗಿ ಬೆಳೆಯತೊಡಗುತ್ತದೆ. ಅರವತ್ತರ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರಲ್ಲಿ, 85ರ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಸೂಕ್ಷ್ಮದರ್ಶಕದಡಿ ಈ ಬೆಳವಣಿಗೆ ಕಾಣುತ್ತದೆ. ಇದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರಾಗಿ ತಿರುಗುವುದೂ ಇಲ್ಲ. ಒಬ್ಬರಿಗೆ ಎರಡೂ ಒಟ್ಟಿಗೆ ಬರಬಹುದು ಅಷ್ಟೇ. ಎರಡೂ ಇಳಿವಯಸ್ಸಿನ ಕಾಯಿಲೆಗಳು.

ಉದ್ದಿನ ವಡೆಯನ್ನು ನೆನೆಯಿರಿ. ಕಾದ ಎಣ್ಣೆಗೆ ಬಿಟ್ಟ ಮೇಲೆ ಕೆಲವು ವಡೆಗಳು ಹೊರಕ್ಕೆ ಉಬ್ಬುತ್ತವೆ, ನಡುವಿನ ತೂತು ಹಾಗೆಯೇ ಉಳಿಯುತ್ತದೆ. ಕೆಲವು ಒಳಕ್ಕೆ ಉಬ್ಬಿ ತೂತನ್ನೇ ಮುಚ್ಚಿಬಿಡುತ್ತವೆ. ಪ್ರೊಸ್ಟೇಟ್ ಕೂಡ ಹಾಗೆಯೇ. 80 ಗ್ರಾಂ ಆಗಿಯೂ ನಿರಾಳವಾಗಿ ಮೂತ್ರ ಮಾಡುವವರಿದ್ದಾರೆ, 30 ಗ್ರಾಂಗೇ ಒದ್ದಾಡುವವರೂ ಇದ್ದಾರೆ. ಆದ್ದರಿಂದ ಸ್ಕ್ಯಾನ್ ವರದಿಯಲ್ಲಿ 'ಪ್ರೊಸ್ಟೇಟ್ ದೊಡ್ಡದಾಗಿದೆ, ಗ್ರೇಡ್ 1' ಎಂದು ಬರೆದಿರುವುದನ್ನು ನೋಡಿ, ಯಾವ ತೊಂದರೆಯೂ ಇಲ್ಲದವರು ಗಾಬರಿಯಾಗಬೇಕಿಲ್ಲ. ಚಿಕಿತ್ಸೆ ಬೇಕೇ ಬೇಡವೇ ಎಂಬುದನ್ನು ಮೊದಲು ನಿರ್ಧರಿಸುವುದು ಗಾತ್ರವಲ್ಲ, ನಿಮಗಾಗುತ್ತಿರುವ ತೊಂದರೆ.

ಆ ತೊಂದರೆಯಲ್ಲಿ ಎರಡು ಬಗೆ. ದಾರಿ ಇಕ್ಕಟ್ಟಾದದ್ದರಿಂದ ಆಗುವುದು ಒಂದು: ಧಾರೆ ಸಣ್ಣದಾಗುವುದು, ಶುರುವಾಗಲು ತಡವಾಗುವುದು, ತಡೆತಡೆದು ಬರುವುದು, ಮುಗಿಯಿತು ಎಂದುಕೊಂಡ ಮೇಲೂ ಹನಿಯುವುದು, ತಿಣುಕಬೇಕಾಗುವುದು. ಇನ್ನೊಂದು ಬಗೆ ಮೂತ್ರಕೋಶದ ಸಿಟ್ಟು. ವರ್ಷಗಟ್ಟಲೆ ಇಕ್ಕಟ್ಟಿನ ದಾರಿಗೆ ಎದುರಾಗಿ ಒತ್ತಿ ಒತ್ತಿ ಅದರ ಸ್ನಾಯು ದಪ್ಪಗಾಗುತ್ತದೆ, ಸ್ವಲ್ಪ ತುಂಬಿದರೂ ಹಿಂಡತೊಡಗುತ್ತದೆ. ಪದೇಪದೇ ಹೋಗಬೇಕೆನಿಸುವುದು, ತಡೆಯಲಾಗದ ಅವಸರ, ರಾತ್ರಿಯ ಏಳಾಟ ಇದರಿಂದ ಬರುತ್ತವೆ. ಮದುವೆ ಮನೆಗೆ ಬಾರದೆ, ದೂರದ ಬಸ್ಸು ಹತ್ತದೆ ಹಿರಿಯರು ಮನೆಯಲ್ಲೇ ಉಳಿಯುವುದು ಹೆಚ್ಚಾಗಿ ಈ ಎರಡನೆಯ ಬಗೆಯಿಂದಲೇ. ಅವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ ಎಂಬುದು ನನಗೆ ಬಹಳ ಸಂಕಟ ಕೊಡುವ ಸಂಗತಿ.

ತೊಂದರೆಯನ್ನು ಅಳೆಯುವುದು

ಬಾಯಿಬಿಟ್ಟು ಹೇಳಲಾರದವರಿಗೂ ನೆರವಾಗುವ ಒಂದು ಪ್ರಶ್ನಾವಳಿಯಿದೆ. 1992ರಲ್ಲಿ ಅಮೆರಿಕದ ಮೂತ್ರರೋಗ ತಜ್ಞರ ಸಂಘ ರೂಪಿಸಿದ ಇದನ್ನು ಜಗತ್ತಿನ ಎಲ್ಲ ಕಡೆಯೂ ಬಳಸುತ್ತಾರೆ. ಕಳೆದ ಒಂದು ತಿಂಗಳ ಬಗ್ಗೆ ಏಳು ಪ್ರಶ್ನೆಗಳು, ಪ್ರತಿಯೊಂದಕ್ಕೂ 0ಯಿಂದ 5ರವರೆಗೆ ಅಂಕ. ಒಟ್ಟು 7ರವರೆಗೆ ಬಂದರೆ ತೊಂದರೆ ಅಲ್ಪ, 8ರಿಂದ 19 ಮಧ್ಯಮ, 20ರಿಂದ 35 ತೀವ್ರ. ಕೊನೆಯಲ್ಲಿ ಎಂಟನೆಯ ಪ್ರಶ್ನೆ: ಉಳಿದ ಆಯುಷ್ಯವೆಲ್ಲ ಹೀಗೆಯೇ ಇದ್ದರೆ ನಿಮಗೆ ಹೇಗೆನಿಸುತ್ತದೆ? ನನಗೆ ಕೇಳಿದರೆ ಇಡೀ ಪ್ರಶ್ನಾವಳಿಯಲ್ಲಿ ಇದೇ ಮುಖ್ಯವಾದದ್ದು.

ಅಂಕ ಕಡಿಮೆಯಿದ್ದು, ತೊಂದರೆಯೂ ಸಹಿಸುವಷ್ಟೇ ಇದ್ದರೆ ಔಷಧವಿಲ್ಲದೆ ವರ್ಷಕ್ಕೊಮ್ಮೆ ನೋಡಿಸಿಕೊಂಡು ಇರಬಹುದು. ಸಂಜೆಯ ನಂತರ ನೀರು, ಕಾಫಿ, ಚಹಾ ಕಡಿಮೆ ಮಾಡುವುದು, ಒಮ್ಮೆ ಮೂತ್ರ ಮಾಡಿ ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ಪ್ರಯತ್ನಿಸುವುದು, ಇಷ್ಟರಿಂದಲೇ ಕೆಲವರಿಗೆ ಸಾಕಷ್ಟು ಆರಾಮವಾಗುತ್ತದೆ. ರಾತ್ರಿ ಏಳುವುದಕ್ಕೆಲ್ಲ ಪ್ರೊಸ್ಟೇಟನ್ನೇ ದೂರಬಾರದು ಎಂಬುದನ್ನೂ ಇಲ್ಲೇ ಹೇಳಬೇಕು. ಸಕ್ಕರೆ ಕಾಯಿಲೆ, ಹೃದಯದ ದೌರ್ಬಲ್ಯದಿಂದ ಹಗಲು ಕಾಲಿನಲ್ಲಿ ಇಳಿದು ನಿಂತ ನೀರು, ಗೊರಕೆಯ ಜೊತೆಗೆ ಉಸಿರು ಕಟ್ಟುವ ಕಾಯಿಲೆ, ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆಯನ್ನು ಸಂಜೆ ತೆಗೆದುಕೊಳ್ಳುವುದು, ಇವೆಲ್ಲವೂ ನಿದ್ದೆಯಿಂದ ಎಬ್ಬಿಸುತ್ತವೆ. ಅಂಥವರಿಗೆ ಪ್ರೊಸ್ಟೇಟ್ ಗುಳಿಗೆ ಎಷ್ಟು ನುಂಗಿದರೂ ರಾತ್ರಿಯ ಲೆಕ್ಕ ಇಳಿಯುವುದಿಲ್ಲ.

ದಾರ ಸಡಿಲಿಸುವ ಔಷಧ

ಎಲೆಯಡಿಕೆ ಸಂಚಿಯ ಬಾಯಿಗೆ ಪೋಣಿಸಿದ ದಾರವನ್ನು ಎಳೆದರೆ ಬಾಯಿ ಮುಚ್ಚಿಕೊಳ್ಳುತ್ತದೆ, ಸಡಿಲಿಸಿದರೆ ತೆರೆದುಕೊಳ್ಳುತ್ತದೆ. ಮೂತ್ರಕೋಶದ ಕುತ್ತಿಗೆಯಲ್ಲಿ ಮತ್ತು ಪ್ರೊಸ್ಟೇಟಿನ ಒಳಗೆ ಇಂಥದೇ ಸ್ನಾಯುವಿನ ಎಳೆಗಳಿವೆ. ನಮ್ಮ ಇಚ್ಛೆಗೆ ಸಿಗದ ನರಗಳು ಅವನ್ನು ಬಿಗಿಯಾಗಿ ಹಿಡಿದಿರುತ್ತವೆ. ನರಗಳ ಆ ಅಪ್ಪಣೆಯನ್ನು ಸ್ನಾಯು ಸ್ವೀಕರಿಸುವ ಜಾಗಗಳಿಗೆ ಆಲ್ಫಾ ಗ್ರಾಹಕಗಳೆಂದು ಹೆಸರು. ಆ ಜಾಗವನ್ನು ಬೇರೊಂದು ವಸ್ತು ಮೊದಲೇ ಹೋಗಿ ಆಕ್ರಮಿಸಿಕೊಂಡರೆ ಅಪ್ಪಣೆ ತಲುಪುವುದಿಲ್ಲ, ದಾರ ಸಡಿಲವಾಗುತ್ತದೆ. ಇದೇ ಆಲ್ಫಾ ತಡೆ ಔಷಧ.

1970ರ ದಶಕದಲ್ಲಿ ಜೆರುಸಲೇಮಿನ ಮೂತ್ರರೋಗ ತಜ್ಞ ಮಾರ್ಕೊ ಕೇನ್ ಮತ್ತು ಅವರ ಸಂಗಡಿಗರು ಪ್ರೊಸ್ಟೇಟಿನಲ್ಲಿ ಈ ಗ್ರಾಹಕಗಳಿವೆ ಎಂದು ತೋರಿಸಿದರು. ಫಿನಾಕ್ಸಿಬೆಂಜಮಿನ್ ಎಂಬ ಹಳೆಯ ಔಷಧವನ್ನು ಕೊಟ್ಟಾಗ ಮೂತ್ರದ ಧಾರೆ ಸುಧಾರಿಸಿತು. ಅದುವರೆಗೆ ಊದಿದ ಪ್ರೊಸ್ಟೇಟಿಗೆ ಶಸ್ತ್ರಚಿಕಿತ್ಸೆ ಬಿಟ್ಟು ಹೇಳಿಕೊಳ್ಳುವಂಥ ಮದ್ದೇ ಇರಲಿಲ್ಲ. ಆದರೆ ಇದೇ ಬಗೆಯ ಗ್ರಾಹಕಗಳು ರಕ್ತನಾಳಗಳಲ್ಲೂ ಇರುವುದರಿಂದ ರೋಗಿಗಳಿಗೆ ರಕ್ತದೊತ್ತಡ ಕುಸಿದು ತಲೆಸುತ್ತು ಬರುತ್ತಿತ್ತು. ಮುಂದೆ ಬಂದ ಟೆರಾಜೋಸಿನ್, ಡಾಕ್ಸಜೋಸಿನ್‌ಗಳಿಗೂ ಈ ದೋಷ ಉಳಿದುಕೊಂಡಿತು, ಹಾಗಾಗಿ ಅವನ್ನು ಸಣ್ಣ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸಬೇಕು. ಆಮೇಲೆ ಗ್ರಾಹಕಗಳಲ್ಲಿ ಒಳಬಗೆಗಳಿವೆ, ಪ್ರೊಸ್ಟೇಟಿನಲ್ಲಿ ಹೆಚ್ಚಾಗಿರುವ ಬಗೆಯೇ ಬೇರೆ ಎಂಬುದು ತಿಳಿಯಿತು. ಆ ಬಗೆಯನ್ನೇ ಹೆಚ್ಚಾಗಿ ಹಿಡಿಯುವಂತೆ ಜಪಾನಿನಲ್ಲಿ ರೂಪುಗೊಂಡ ಔಷಧಗಳೇ ಟ್ಯಾಮ್ಸುಲೋಸಿನ್ ಮತ್ತು ಸಿಲೊಡೋಸಿನ್. ಇಂದು ನಮ್ಮಲ್ಲಿ ಅತಿ ಹೆಚ್ಚು ಬರೆದುಕೊಡುವುದು ಇವನ್ನೇ. ಜನೌಷಧಿ ಕೇಂದ್ರಗಳಲ್ಲೂ ಟ್ಯಾಮ್ಸುಲೋಸಿನ್ ಕಡಿಮೆ ಬೆಲೆಗೆ ಸಿಗುತ್ತದೆ.

ಗುಣ ಕಾಣುವುದು ಬೇಗ. ಕೆಲವೇ ದಿನಗಳಲ್ಲಿ ಧಾರೆ ಸುಧಾರಿಸುತ್ತದೆ, ನಾಲ್ಕಾರು ವಾರಗಳಲ್ಲಿ ಪೂರ್ಣ ಫಲ ತಿಳಿಯುತ್ತದೆ. ಆ ಪ್ರಶ್ನಾವಳಿಯ ಅಂಕ ಸಾಮಾನ್ಯವಾಗಿ ಮೂರನೆಯ ಒಂದು ಪಾಲಿನಷ್ಟು ಇಳಿಯುತ್ತದೆ. ವಾಕಿಂಗ್ ಸ್ನೇಹಿತರಿಗೆ ನಾಲ್ಕು ದಿನದಲ್ಲಿ ಗುಣವಾದದ್ದರ ಗುಟ್ಟು ಇದೇ. ಆದರೆ ದಾರ ಸಡಿಲವಾಯಿತೇ ಹೊರತು ಗ್ರಂಥಿ ಒಂದಿಷ್ಟೂ ಚಿಕ್ಕದಾಗುವುದಿಲ್ಲ, ಅದರ ಬೆಳವಣಿಗೆಯೂ ನಿಲ್ಲುವುದಿಲ್ಲ. ಗುಳಿಗೆ ಬಿಟ್ಟರೆ ದಾರ ಮತ್ತೆ ಬಿಗಿಯುತ್ತದೆ. 'ಗುಣವಾಯಿತು, ಇನ್ನೇಕೆ' ಎಂದು ನಿಲ್ಲಿಸಿದವರು ಕೆಲವೇ ದಿನಗಳಲ್ಲಿ ಹಳೆಯ ಸ್ಥಿತಿಗೆ ಮರಳುವುದು ಇದರಿಂದ.

ಟ್ಯಾಮ್ಸುಲೋಸಿನ್ 0.4 ಮಿಲಿಗ್ರಾಂ ಗುಳಿಗೆಯನ್ನು ದಿನವೂ ಅದೇ ಹೊತ್ತಿನ ಊಟದ ನಂತರ ತೆಗೆದುಕೊಳ್ಳಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ರಕ್ತಕ್ಕೆ ಒಮ್ಮೆಲೇ ಹೆಚ್ಚು ಸೇರಿ ತಲೆಸುತ್ತುತ್ತದೆ. ಜಗಿಯಬಾರದು, ಬಿಚ್ಚಿ ಪುಡಿಯನ್ನು ತೆಗೆದುಕೊಳ್ಳಬಾರದು. ಬೇರೆ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಅದನ್ನು ವೈದ್ಯರಿಗೆ ಹೇಳಲೇಬೇಕು. ಶುರುವಿನ ದಿನಗಳಲ್ಲಿ ರಾತ್ರಿ ಎದ್ದಾಗ ಥಟ್ಟನೆ ನಿಲ್ಲದೆ ಒಂದು ನಿಮಿಷ ಹಾಸಿಗೆಯ ಅಂಚಿನಲ್ಲಿ ಕುಳಿತು ಆಮೇಲೆ ಹೆಜ್ಜೆ ಇಡಿ. ಶೌಚಾಲಯ ಹಿತ್ತಲಿನಲ್ಲಿರುವ ಮನೆಗಳಲ್ಲಿ ದೀಪವೊಂದು ಉರಿಯುತ್ತಿರಲಿ. ಸೊಂಟದ ಮೂಳೆ ಮುರಿದುಕೊಳ್ಳುವುದು ಪ್ರೊಸ್ಟೇಟಿಗಿಂತ ಎಷ್ಟೋ ಪಾಲು ದೊಡ್ಡ ಕಷ್ಟ.

ಇನ್ನೊಂದು ಅಡ್ಡ ಪರಿಣಾಮವನ್ನು ಹೇಳಲು ವೈದ್ಯರೂ ಹಿಂಜರಿಯುತ್ತಾರೆ, ಕೇಳಲು ರೋಗಿಗಳೂ ಹಿಂಜರಿಯುತ್ತಾರೆ. ಸಂಭೋಗದ ಕೊನೆಯಲ್ಲಿ ವೀರ್ಯ ಕಡಿಮೆ ಬರುವುದು ಅಥವಾ ಬಾರದೇ ಇರುವುದು. ಸಿಲೊಡೋಸಿನ್‌ನಲ್ಲಿ ನೂರರಲ್ಲಿ ಸುಮಾರು 28 ಮಂದಿಗೆ ಇದು ಆಗುತ್ತದೆ, ಟ್ಯಾಮ್ಸುಲೋಸಿನ್‌ನಲ್ಲಿ ಕಡಿಮೆ. ಅಪಾಯವೇನಿಲ್ಲ, ಔಷಧ ನಿಲ್ಲಿಸಿದರೆ ಸರಿಹೋಗುತ್ತದೆ. ಆದರೆ ಮೊದಲೇ ತಿಳಿದಿರದಿದ್ದರೆ ಮನಸ್ಸು ಕುಗ್ಗುತ್ತದೆ.

ಕಣ್ಣಿನ ಪೊರೆಯ ಆಪರೇಷನ್ ಇದ್ದರೆ

ಪ್ರೊಸ್ಟೇಟಿನ ಗುಳಿಗೆಗೂ ಕಣ್ಣಿಗೂ ಏನು ಸಂಬಂಧ ಎನಿಸಬಹುದು. ಕಣ್ಣಪಾಪೆಯನ್ನು ಹಿಗ್ಗಿಸುವ ಸ್ನಾಯುವಿನಲ್ಲೂ ಇದೇ ಬಗೆಯ ಗ್ರಾಹಕಗಳಿವೆ. ಕಣ್ಣಿನ ಪೊರೆ ತೆಗೆಯುವಾಗ ಪಾಪೆ ಅಗಲವಾಗಿ ತೆರೆದಿರಬೇಕು. ಟ್ಯಾಮ್ಸುಲೋಸಿನ್ ತೆಗೆದುಕೊಂಡವರಲ್ಲಿ ಆಪರೇಷನ್ ನಡುವೆಯೇ ಪಾಪೆ ಕಿರಿದಾಗಿ, ಅದರ ಸುತ್ತಲಿನ ಬಣ್ಣದ ಪರದೆ ಗಾಳಿಗೆ ಸಿಕ್ಕ ಬಟ್ಟೆಯಂತೆ ಓಲಾಡುತ್ತದೆ ಎಂದು 2005ರಲ್ಲಿ ಅಮೆರಿಕದ ಕಣ್ಣಿನ ತಜ್ಞರಾದ ಡೇವಿಡ್ ಚಾಂಗ್ ಮತ್ತು ಜಾನ್ ಕ್ಯಾಂಪ್‌ಬೆಲ್ ವರದಿ ಮಾಡಿದರು. ಕೆಲವು ದಿನ ಮೊದಲು ಗುಳಿಗೆ ನಿಲ್ಲಿಸಿದರೂ ಈ ಪರಿಣಾಮ ಹೋಗುತ್ತದೆ ಎಂಬ ಖಾತರಿಯಿಲ್ಲ. ಮುಂಚಿತವಾಗಿ ಗೊತ್ತಿದ್ದರೆ ಕಣ್ಣಿನ ವೈದ್ಯರು ಪಾಪೆಯನ್ನು ತೆರೆದಿಡುವ ಸಲಕರಣೆಗಳೊಂದಿಗೆ ಸಿದ್ಧರಾಗಿರುತ್ತಾರೆ. ಪೊರೆ ಬರುವ ವಯಸ್ಸೂ ಪ್ರೊಸ್ಟೇಟ್ ಊದುವ ವಯಸ್ಸೂ ಒಂದೇ. ನೇತ್ರ ಶಿಬಿರದಲ್ಲಿ ಹೆಸರು ಬರೆಸುವಾಗ ಈ ಗುಳಿಗೆಯ ಹಾಳೆಯನ್ನು ತಪ್ಪದೆ ತೋರಿಸಿ, ಹಿಂದೆ ಎಂದೋ ತೆಗೆದುಕೊಂಡಿದ್ದರೂ ಹೇಳಿ.

ಗ್ರಂಥಿಯನ್ನೇ ಕುಗ್ಗಿಸುವ ಔಷಧ

ಇನ್ನೊಂದು ಔಷಧದ ಕಥೆ ಕೆರಿಬಿಯನ್ ದ್ವೀಪದ ಡೊಮಿನಿಕನ್ ಗಣರಾಜ್ಯದಲ್ಲಿ ಶುರುವಾಗುತ್ತದೆ. ಅಲ್ಲಿನ ಸಲೀನಾಸ್ ಎಂಬ ಹಳ್ಳಿಯಲ್ಲಿ ಕೆಲವು ಮಕ್ಕಳು ಹುಟ್ಟುವಾಗ ಹೆಣ್ಣಿನಂತೆ ಕಾಣುತ್ತಿದ್ದರು, ಹೆಣ್ಣುಮಕ್ಕಳಾಗಿಯೇ ಬೆಳೆಯುತ್ತಿದ್ದರು. ಹನ್ನೆರಡರ ಆಸುಪಾಸಿನಲ್ಲಿ ದನಿ ಒಡೆದು, ಅಂಗ ಬೆಳೆದು ಗಂಡಾಗುತ್ತಿದ್ದರು. ಅಮೆರಿಕದ ವೈದ್ಯೆ ಜೂಲಿಯಾನ್ ಇಂಪೆರಾಟೊ ಮೆಕ್‌ಗಿನ್ಲಿ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ ಕಾರಣ ಹುಡುಕಿ 1974ರಲ್ಲಿ ಪ್ರಕಟಿಸಿದರು. ಗಂಡಸಿನ ಹಾರ್ಮೋನು ಟೆಸ್ಟೋಸ್ಟೆರಾನ್ ಕೆಲವು ಅಂಗಗಳಲ್ಲಿ ನೇರವಾಗಿ ಕೆಲಸ ಮಾಡುವುದಿಲ್ಲ. ಒಂದು ಕಿಣ್ವ ಅದನ್ನು ಇನ್ನೂ ಪ್ರಬಲವಾದ ಡಿ.ಎಚ್.ಟಿ. ಎಂಬ ರೂಪಕ್ಕೆ ತಿರುಗಿಸಬೇಕು. ಈ ಮಕ್ಕಳಲ್ಲಿ ಹುಟ್ಟಿನಿಂದಲೇ ಆ ಕಿಣ್ವ ಕೊರತೆಯಾಗಿತ್ತು. ದೊಡ್ಡವರಾದ ಮೇಲೆ ಅವರೆಲ್ಲ ಗಟ್ಟಿಮುಟ್ಟಾದ ಗಂಡಸರೇ. ಆದರೆ ಅವರ ಪ್ರೊಸ್ಟೇಟ್ ಮಾತ್ರ ಕೊನೆಯವರೆಗೂ ಪುಟ್ಟದಾಗಿಯೇ ಉಳಿಯುತ್ತಿತ್ತು.

ಔಷಧ ವಿಜ್ಞಾನಿಗಳಿಗೆ ಇಷ್ಟು ಸುಳಿವು ಸಾಕಾಯಿತು. ಆ ಕಿಣ್ವವನ್ನೇ ತಡೆದರೆ ಗ್ರಂಥಿಗೆ ಹೋಗುವ ಗೊಬ್ಬರ ನಿಂತಂತೆ. ಹೀಗೆ ಮರ್ಕ್ ಕಂಪನಿಯಲ್ಲಿ ತಯಾರಾದ ಫಿನಾಸ್ಟರೈಡ್‌ಗೆ 1992ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೆಲವು ವರ್ಷಗಳ ನಂತರ ಡುಟಾಸ್ಟರೈಡ್ ಬಂತು. ಈ ಕಿಣ್ವದಲ್ಲಿ ಎರಡು ಬಗೆಯಿದ್ದು, ಫಿನಾಸ್ಟರೈಡ್ ಮುಖ್ಯವಾಗಿ ಒಂದನ್ನು ತಡೆದರೆ ಡುಟಾಸ್ಟರೈಡ್ ಎರಡನ್ನೂ ತಡೆಯುತ್ತದೆ.

ಗೊಬ್ಬರ ನಿಲ್ಲಿಸಿದ ಮಾತ್ರಕ್ಕೆ ಬೆಳೆದ ಮರ ನಾಳೆಯೇ ಚಿಕ್ಕದಾಗುವುದಿಲ್ಲ. ಗ್ರಂಥಿ ಕುಗ್ಗಲು ಆರು ತಿಂಗಳಿಂದ ಒಂದು ವರ್ಷ ಬೇಕು, ಕುಗ್ಗುವುದು ಸುಮಾರು ಕಾಲುಭಾಗ. ಇಪ್ಪತ್ತು ದಿನಕ್ಕೆ ಫಲ ಕಾಣದೆ ಬೇಸರಪಟ್ಟುಕೊಂಡ ನಮ್ಮ ಮಾವನಿಗೆ ನಾನು ಹೇಳಿದ್ದು ಇದನ್ನೇ: ಮಾವಿನ ಗಿಡ ನೆಟ್ಟು ತಿಂಗಳಿಗೆ ಹಣ್ಣು ಕೇಳುತ್ತಿದ್ದೀರಿ, ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಅವರು ಮತ್ತೆ ಹೋದಾಗ, ಅಷ್ಟು ದಿನ ಕಾಯುವವರೆಗೆ ಆರಾಮ ಬೇಕಲ್ಲ ಎಂದು ವೈದ್ಯರು ಟ್ಯಾಮ್ಸುಲೋಸಿನ್ ಕೂಡ ಸೇರಿಸಿದರು.

ಈ ಔಷಧ ದೊಡ್ಡ ಗ್ರಂಥಿಯವರಿಗೇ ಲಾಭ, ಸಾಮಾನ್ಯವಾಗಿ 30ರಿಂದ 40 ಗ್ರಾಂ ಮೀರಿದವರಿಗೆ. ಗಾತ್ರದ ಅಂಕಿ ನಿಜವಾಗಿ ಲೆಕ್ಕಕ್ಕೆ ಬರುವುದು ಇಲ್ಲಿ. ಚಿಕ್ಕ ಗ್ರಂಥಿಯವರಲ್ಲಿ ಕುಗ್ಗಿಸುವುದಕ್ಕೇ ಏನೂ ಇರುವುದಿಲ್ಲ. ಸಡಿಲಿಸುವ ಗುಳಿಗೆಗಿಲ್ಲದ ಒಂದು ಗುಣ ಇದಕ್ಕಿದೆ. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಮೂತ್ರ ಪೂರ್ತಿ ಕಟ್ಟಿಕೊಳ್ಳುವ ಅಪಾಯ, ಆಪರೇಷನ್ ಬೇಕಾಗುವ ಸಂಭವ ಎರಡೂ ಅರ್ಧಕ್ಕಿಂತ ಕೆಳಗಿಳಿದದ್ದು 1998ರಲ್ಲಿ ಪ್ರಕಟವಾದ ನಾಲ್ಕು ವರ್ಷಗಳ ಪ್ರಯೋಗದಲ್ಲಿ ಕಂಡಿತು.

ಎಚ್ಚರಿಕೆಗಳು ಇಲ್ಲೂ ಇವೆ. ನೂರರಲ್ಲಿ ಕೆಲವರಿಗೆ ಕಾಮಾಸಕ್ತಿ ಕುಂದಬಹುದು, ನಿಮಿರುವಿಕೆ ದುರ್ಬಲವಾಗಬಹುದು, ಸ್ತನದ ಭಾಗದಲ್ಲಿ ನೋವು ಅಥವಾ ಊತ ಕಾಣಬಹುದು. ಮನೆಯಲ್ಲಿ ಹಿರಿಯರ ಗುಳಿಗೆಗಳನ್ನು ಡಬ್ಬಿಗೆ ತುಂಬಿಡುವುದು ಎಷ್ಟೋ ಸಲ ಸೊಸೆಯೋ ಮಗಳೋ. ಅವರು ಗರ್ಭಿಣಿಯಾಗಿದ್ದರೆ ಒಡೆದ ಫಿನಾಸ್ಟರೈಡ್ ಮಾತ್ರೆಯನ್ನಾಗಲಿ, ಡುಟಾಸ್ಟರೈಡ್ ಕ್ಯಾಪ್ಸೂಲನ್ನಾಗಲಿ ಮುಟ್ಟಬಾರದು. ಔಷಧ ಚರ್ಮದ ಮೂಲಕ ಒಳಸೇರಿ ಗಂಡು ಭ್ರೂಣದ ಬೆಳವಣಿಗೆಗೆ ತೊಂದರೆ ಮಾಡಬಹುದು. ಇದೇ ಕಾರಣಕ್ಕೆ ಡುಟಾಸ್ಟರೈಡ್ ನಿಲ್ಲಿಸಿ ಆರು ತಿಂಗಳಾಗುವವರೆಗೆ ರಕ್ತದಾನ ಮಾಡುವಂತಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ನೆನಪಿಡಬೇಕಾದದ್ದು ಪಿ.ಎಸ್.ಎ. ರಕ್ತಪರೀಕ್ಷೆ. ಪ್ರೊಸ್ಟೇಟ್ ಕ್ಯಾನ್ಸರಿನ ಅನುಮಾನವನ್ನು ತಿಳಿಯಲು ಇದನ್ನು ಮಾಡಿಸುತ್ತಾರೆ. ಈ ಔಷಧ ಆರು ತಿಂಗಳಿನಿಂದ ಒಂದು ವರ್ಷದ ಹೊತ್ತಿಗೆ ಪಿ.ಎಸ್.ಎ. ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಆದ್ದರಿಂದ ವರದಿಯಲ್ಲಿ 3 ಬಂದರೆ ಅದನ್ನು 6 ಎಂದೇ ಓದಿಕೊಳ್ಳಬೇಕು. ಮುದ್ರಿತ ವರದಿಗೆ ಇದು ಗೊತ್ತಿರುವುದಿಲ್ಲ, '4ರ ಒಳಗೆ ಇದೆ, ಸರಿಯಾಗಿದೆ' ಎಂದೇ ತೋರಿಸುತ್ತದೆ. ಇಳಿದ ಅಂಕಿ ಔಷಧ ತೆಗೆದುಕೊಳ್ಳುತ್ತಿರುವಾಗಲೇ ಮತ್ತೆ ಏರತೊಡಗಿದರೆ, ಎಷ್ಟೇ ಕಡಿಮೆಯಿರಲಿ, ತಜ್ಞರಿಗೆ ತೋರಿಸಬೇಕು. ಕೂದಲು ಉದುರದಿರಲೆಂದು ಫಿನಾಸ್ಟರೈಡ್ ನುಂಗುವವರಿಗೂ ಈ ಲೆಕ್ಕ ಅನ್ವಯಿಸುತ್ತದೆ. ಅದೂ ಇದೇ ಔಷಧ, ಪ್ರಮಾಣ 5ರ ಬದಲು 1 ಮಿಲಿಗ್ರಾಂ.

ಎರಡನ್ನೂ ಒಟ್ಟಿಗೆ ಕೊಡುವುದು ಏಕೆ

ಒಂದು ಈಗಿನ ಆರಾಮಕ್ಕೆ, ಇನ್ನೊಂದು ಮುಂದಿನ ವರ್ಷಗಳಿಗೆ. 2003ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ 3,047 ಗಂಡಸರನ್ನು ಸರಾಸರಿ ನಾಲ್ಕೂವರೆ ವರ್ಷ ಗಮನಿಸಿದರು. ಔಷಧವಿಲ್ಲದ ಮಾತ್ರೆಗೆ ಹೋಲಿಸಿದರೆ ಕಾಯಿಲೆ ಮುಂದುವರಿಯುವ ಅಪಾಯ ಡಾಕ್ಸಜೋಸಿನ್‌ನಿಂದ 39%, ಫಿನಾಸ್ಟರೈಡ್‌ನಿಂದ 34%, ಎರಡೂ ಸೇರಿದಾಗ 66% ಕಡಿಮೆಯಾಯಿತು. ಈಗ ಎರಡೂ ಒಂದೇ ಗುಳಿಗೆಯಲ್ಲಿ ಸಿಗುತ್ತವೆ. ಕಂಪನಿ ಇಟ್ಟ ಹೆಸರಿನ ಕೊನೆಗೆ 'ಡಿ' ಅಕ್ಷರವಿದ್ದರೆ ಹೆಚ್ಚಾಗಿ ಅದರಲ್ಲಿ ಡುಟಾಸ್ಟರೈಡ್ ಸೇರಿದೆ ಎಂದರ್ಥ. ಅಡ್ಡ ಪರಿಣಾಮಗಳೂ ಎರಡರದೂ ಸೇರಿಕೊಳ್ಳುತ್ತವೆ, ಹಾಗಾಗಿ ಗ್ರಂಥಿ ದೊಡ್ಡದಿಲ್ಲದವರಿಗೆ ಜೋಡಿ ಗುಳಿಗೆಯ ಅಗತ್ಯವಿಲ್ಲ.

ಉಳಿದ ಔಷಧಗಳು

ನಿಮಿರುವಿಕೆಯ ತೊಂದರೆಗೆ ಕೊಡುವ ಟಡಾಲಫಿಲ್ ದಿನಕ್ಕೆ 5 ಮಿಲಿಗ್ರಾಂ ಪ್ರಮಾಣದಲ್ಲಿ ಮೂತ್ರದ ತೊಂದರೆಯನ್ನೂ ಕಡಿಮೆ ಮಾಡುತ್ತದೆ. ಎರಡೂ ತೊಂದರೆಯಿರುವವರಿಗೆ ಒಂದೇ ಮಾತ್ರೆ ಸಾಕಾಗುತ್ತದೆ. ಆದರೆ ಎದೆನೋವಿಗೆಂದು ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆ ಬಳಸುವವರು ಇದನ್ನು ತೆಗೆದುಕೊಳ್ಳಲೇಬಾರದು. ಎರಡೂ ಸೇರಿದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯುತ್ತದೆ.

ಮೂತ್ರಕೋಶದ ಸಿಟ್ಟು ಉಳಿದುಕೊಂಡವರಿಗೆ ಅದನ್ನು ಶಾಂತಗೊಳಿಸುವ ಸಾಲಿಫೆನಾಸಿನ್, ಟಾಲ್ಟರೊಡಿನ್ ಅಥವಾ ಮಿರಾಬೆಗ್ರಾನ್ ಸೇರಿಸುತ್ತಾರೆ. ಮೊದಲೆರಡರಿಂದ ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ, ಬಹಳ ವಯಸ್ಸಾದವರಲ್ಲಿ ಮರೆವು ಮತ್ತು ಗೊಂದಲ ಹೆಚ್ಚಬಹುದು. ಮಿರಾಬೆಗ್ರಾನ್‌ನಿಂದ ರಕ್ತದೊತ್ತಡ ಏರಬಹುದು. ಮೂತ್ರ ಮಾಡಿದ ಮೇಲೂ ಕೋಶದಲ್ಲಿ ಬಹಳಷ್ಟು ಉಳಿದಿದ್ದರೆ ಇವುಗಳಿಂದ ಮೂತ್ರ ಕಟ್ಟಿಕೊಳ್ಳುವ ಭಯವಿದೆ, ಅದಕ್ಕೇ ಮೊದಲು ಸ್ಕ್ಯಾನ್ ಮಾಡಿ ನೋಡುತ್ತಾರೆ.

ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಮಾರುವ ಸಾ ಪಾಲ್ಮೆಟೊ ಎಂಬುದು ಅಮೆರಿಕದ ಒಂದು ಕುರುಚಲು ತಾಳೆಯ ಹಣ್ಣಿನ ಸಾರ. 2006 ಮತ್ತು 2011ರಲ್ಲಿ ಪ್ರಕಟವಾದ ಎರಡು ಎಚ್ಚರಿಕೆಯ ಪ್ರಯೋಗಗಳಲ್ಲಿ ಅದು ಔಷಧವಿಲ್ಲದ ಮಾತ್ರೆಗಿಂತ ಹೆಚ್ಚಿನ ಗುಣ ತೋರಿಸಲಿಲ್ಲ. ಎರಡನೆಯದರಲ್ಲಿ ಮೂರು ಪಟ್ಟು ಪ್ರಮಾಣ ಕೊಟ್ಟರೂ ಅಷ್ಟೇ.

ನೆಗಡಿ ಮಾತ್ರೆಯ ಅಪಾಯ

ಮೆಡಿಕಲ್ ಅಂಗಡಿಯಲ್ಲಿ ಕೇಳಿ ಪಡೆಯುವ ನೆಗಡಿ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಫಿನೈಲೆಫ್ರಿನ್ ಮತ್ತು ಕ್ಲೋರ್‌ಫೆನಿರಮಿನ್ ಇರುತ್ತವೆ. ಮೊದಲನೆಯದು ಟ್ಯಾಮ್ಸುಲೋಸಿನ್ ಸಡಿಲಿಸಿದ ಅದೇ ದಾರವನ್ನು ಮತ್ತೆ ಬಿಗಿಯುತ್ತದೆ. ಎರಡನೆಯದು ಮೂತ್ರಕೋಶ ಒತ್ತುವ ಬಲವನ್ನು ಕುಂದಿಸುತ್ತದೆ. ಬಾಗಿಲು ಬಿಗಿ, ತಳ್ಳುವ ಕೈ ನಿಶ್ಶಕ್ತ. ಮಳೆಗಾಲದ ಒಂದು ನೆಗಡಿಗೆ ಎರಡು ಮಾತ್ರೆ ನುಂಗಿ, ರಾತ್ರಿ ಮೂತ್ರ ಕಟ್ಟಿಕೊಂಡು ಆಸ್ಪತ್ರೆಗೆ ಓಡುವಂತಾಗುವುದು ಹೀಗೆ. ನೆಗಡಿಗೆ ಏನು ಕೊಟ್ಟರೂ 'ನನಗೆ ಪ್ರೊಸ್ಟೇಟ್ ಇದೆ' ಎಂದು ಮೊದಲೇ ಹೇಳಿ.

ಗುಳಿಗೆ ಸಾಲದಾದಾಗ

ಪದೇಪದೇ ಮೂತ್ರದ ಸೋಂಕು, ಮೂತ್ರಕೋಶದಲ್ಲಿ ಕಲ್ಲು, ನಿಲ್ಲದೆ ರಕ್ತ ಹೋಗುವುದು, ಮೂತ್ರಪಿಂಡಗಳಿಗೆ ಹಾನಿ, ಮತ್ತೆ ಮತ್ತೆ ಮೂತ್ರ ಕಟ್ಟಿಕೊಳ್ಳುವುದು ಇದ್ದರೆ ಔಷಧವನ್ನೇ ನಂಬಿ ದಿನ ದೂಡಬಾರದು. ನಾಳದ ಮೂಲಕವೇ ಉಪಕರಣ ಹಾಯಿಸಿ, ಹೊಟ್ಟೆ ಕೊಯ್ಯದೆ, ಅಡ್ಡವಾದ ಭಾಗವನ್ನು ಕೆತ್ತಿ ಅಥವಾ ಲೇಸರ್‌ನಿಂದ ಬಿಡಿಸಿ ತೆಗೆಯುವ ಶಸ್ತ್ರಚಿಕಿತ್ಸೆಗಳಿವೆ.

ಒಮ್ಮೆಲೇ ಮೂತ್ರ ಕಟ್ಟಿಕೊಂಡು, ಹೊಟ್ಟೆಯ ಕೆಳಭಾಗ ಬಿಗಿದು, ನೋವು ತಾಳಲಾಗದಾದರೆ ಬೆಳಗಾಗಲಿ ಎಂದು ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಮೂತ್ರ ಹೊರತೆಗೆಯುವ ತೂರುನಳಿಕೆ (ಕ್ಯಾಥೆಟರ್) ಹಾಕಿದ ಕೂಡಲೇ ನೋವು ಇಳಿಯುತ್ತದೆ. ಆಮೇಲೆ ಸಾಮಾನ್ಯವಾಗಿ ಆಲ್ಫಾ ತಡೆ ಗುಳಿಗೆಯನ್ನು ಶುರುಮಾಡಿ ಎರಡು ಮೂರು ದಿನ ಬಿಟ್ಟು ನಳಿಕೆ ತೆಗೆದು ನೋಡುತ್ತಾರೆ. ದಾರ ಅಷ್ಟರಲ್ಲಿ ಸಡಿಲವಾಗಿದ್ದರೆ ಬಹಳ ಮಂದಿಗೆ ತಾನಾಗಿಯೇ ಮೂತ್ರ ಬರುತ್ತದೆ, ಆಪರೇಷನ್ ಬೇಕೇ ಎಂಬುದನ್ನು ಆಮೇಲೆ ನಿಧಾನವಾಗಿ ಕುಳಿತು ಯೋಚಿಸಲು ಸಮಯ ಸಿಗುತ್ತದೆ.